ನಿವೃತ್ತರ ಅಂಕಣ: ಸಹಿ ಹಾಕುವ ಮೊದಲು

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ‘ನನಗೆ ಎಷ್ಟು ಪಿಂಚಣಿ ಬರುತ್ತದೆ’ ಎಂದು ಕೇಳುತ್ತವೆ. ಆ ಲೆಕ್ಕವನ್ನು ಕಚೇರಿಯ ಲೆಕ್ಕ ಶಾಖೆಯವರು ಮಾಡಿಕೊಡುತ್ತಾರೆ, ಅದರಲ್ಲಿ ತಪ್ಪಾದರೆ ಅರ್ಜಿ ಕೊಟ್ಟು ಸರಿಪಡಿಸಿಕೊಳ್ಳಲೂಬಹುದು. ಆದರೆ ನಿವೃತ್ತಿಯ ಆಸುಪಾಸಿನಲ್ಲಿ ನಾವು ಸಹಿ ಹಾಕುವ ಕೆಲವು ನಮೂನೆಗಳು ಹಾಗಲ್ಲ, ಅವುಗಳ ಪರಿಣಾಮ ಜೀವನಪರ್ಯಂತ ಉಳಿಯುತ್ತದೆ. ಆದ್ದರಿಂದ ಅಂಥ ನಿರ್ಧಾರಗಳ ಬಗ್ಗೆ ಕೇಳಿದ ಪತ್ರಗಳಿಗೆ ಈ ಬಾರಿ ಹೆಚ್ಚು ಜಾಗ ಕೊಟ್ಟಿದ್ದೇವೆ.

ಪ್ರಶ್ನೆ: ನಾನು 1989ರಲ್ಲಿ ಅಂಚೆ ಇಲಾಖೆಗೆ ಸೇರಿದವನು. ಮುಂದಿನ ವರ್ಷ 60 ತುಂಬಿ ನಿವೃತ್ತನಾಗುತ್ತೇನೆ. ಪಿಂಚಣಿಯ ಶೇ 40 ಭಾಗವನ್ನು ಕಮ್ಯುಟೇಷನ್ ಮಾಡಿಸಿ (ಅಂದರೆ ತಿಂಗಳ ಪಿಂಚಣಿಯ ಅಷ್ಟು ಭಾಗ ಬಿಟ್ಟುಕೊಟ್ಟು ಅದರ ಬದಲು ಒಮ್ಮೆಗೇ ಹಣ ಪಡೆದು), ಬಂದ ಇಡುಗಂಟನ್ನು ಠೇವಣಿ ಇಟ್ಟರೆ ಬಡ್ಡಿಯಿಂದಲೇ ಲಾಭವಾಗುತ್ತದೆ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ನನ್ನ ಮನೆಯವರು ಬೇಡವೆನ್ನುತ್ತಾರೆ. ಯಾರ ಮಾತು ಸರಿ?
— ಅಂಚೆ ನೌಕರರು, ಧಾರವಾಡ

ಉತ್ತರ: ಠೇವಣಿ ಇಡುವುದೊಂದೇ ಉದ್ದೇಶವಾಗಿದ್ದರೆ ನಿಮ್ಮ ಮನೆಯವರ ಮಾತೇ ಸರಿ. ಹೇಗೆಂದು ಲೆಕ್ಕ ಹಾಕಿ ನೋಡೋಣ.

ನೀವು 2004ರ ಜನವರಿ 1ಕ್ಕಿಂತ ಮೊದಲೇ ಕೇಂದ್ರ ಸರ್ಕಾರದ ಸೇವೆಗೆ ಸೇರಿದವರಾದ್ದರಿಂದ ಹಳೆಯ ಪಿಂಚಣಿ ಪದ್ಧತಿಗೆ ಒಳಪಡುತ್ತೀರಿ. ಕೊನೆಯ ಮೂಲ ವೇತನದ ಅರ್ಧದಷ್ಟು ನಿಮ್ಮ ಪಿಂಚಣಿಯಾಗುತ್ತದೆ. ಅದು ತಿಂಗಳಿಗೆ 30,000 ರೂಪಾಯಿ ಎಂದಿಟ್ಟುಕೊಳ್ಳೋಣ. ಅದರ ಶೇ 40 ಎಂದರೆ 12,000 ರೂಪಾಯಿ. ಕೇಂದ್ರದ ಕೋಷ್ಟಕದಲ್ಲಿ, 60ಕ್ಕೆ ನಿವೃತ್ತರಾಗಿ ಮುಂದಿನ ಹುಟ್ಟುಹಬ್ಬಕ್ಕೆ 61 ತುಂಬುವವರಿಗೆ ನಿಗದಿಯಾದ ಗುಣಕ 8.194. ಹೀಗಾಗಿ 12,000ವನ್ನು 12ರಿಂದಲೂ ಬಳಿಕ 8.194ರಿಂದಲೂ ಗುಣಿಸಿದರೆ 11,79,936 ರೂಪಾಯಿ ನಿಮ್ಮ ಕೈಗೆ ಬರುತ್ತದೆ. ಪ್ರತಿಯಾಗಿ ತಿಂಗಳಿಗೆ 12,000 ರೂಪಾಯಿಯಂತೆ 15 ವರ್ಷ ಪಿಂಚಣಿಯಲ್ಲಿ ಕಡಿತವಾಗುತ್ತದೆ. ಒಟ್ಟು ಕಡಿತ 21,60,000 ರೂಪಾಯಿ. ಇದನ್ನು ಸಾಲವೆಂದು ಭಾವಿಸಿ ಬಡ್ಡಿ ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು ಶೇ 9ರ ದರ ಬೀಳುತ್ತದೆ. ಅತ್ತ ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಬಡ್ಡಿ 2023ರ ಏಪ್ರಿಲ್‌ನಿಂದ ಶೇ 8.2. ಶೇ 9ಕ್ಕೆ ಪಡೆದು ಶೇ 8.2ಕ್ಕೆ ಇಡುವುದರಲ್ಲಿ ಲಾಭವೆಲ್ಲಿದೆ?

ಕಮ್ಯುಟೇಷನ್ ಮೊತ್ತಕ್ಕೆ ಆದಾಯ ತೆರಿಗೆಯಿಲ್ಲ ಎಂಬ ವಾದವನ್ನೂ ನಿಮ್ಮ ಸಹೋದ್ಯೋಗಿಗಳು ಮುಂದಿಟ್ಟಿರಬಹುದು. ಆ ಮಾತು ನಿಜ. ಆದರೆ 2025–26ರ ಹಣಕಾಸು ವರ್ಷದಿಂದ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ರಿಯಾಯಿತಿಯ ಮೂಲಕ ತೆರಿಗೆಯೇ ಬೀಳದಿರುವಾಗ, ತಿಂಗಳಿಗೆ 30,000 ರೂಪಾಯಿ ಪಿಂಚಣಿ ಪಡೆಯುವವರಿಗೆ ಇದರಿಂದ ಉಳಿಯುವುದು ಏನೂ ಇಲ್ಲ.

ಹಾಗೆಂದು ಕಮ್ಯುಟೇಷನ್ ಯಾವಾಗಲೂ ತಪ್ಪು ಎಂದು ಹೇಳಲಾರೆವು. ಪಿಂಚಣಿದಾರರು 15 ವರ್ಷಕ್ಕೆ ಮೊದಲೇ ತೀರಿಕೊಂಡರೆ ಉಳಿದ ಕಡಿತವನ್ನು ಕುಟುಂಬದಿಂದ ವಸೂಲು ಮಾಡುವುದಿಲ್ಲ. ಕುಟುಂಬ ಪಿಂಚಣಿಯೂ ಕೊನೆಯ ವೇತನದ ಮೇಲೆಯೇ ಲೆಕ್ಕವಾಗುವುದರಿಂದ ಕಮ್ಯುಟೇಷನ್‌ನ ಕಾರಣಕ್ಕೆ ಕಡಿಮೆಯಾಗುವುದಿಲ್ಲ. ಬೆಲೆಯೇರಿಕೆಗೆ ತಕ್ಕಂತೆ ಪಿಂಚಣಿಗೆ ಸೇರಿಸುವ ತುಟ್ಟಿ ಪರಿಹಾರವನ್ನು ಕಡಿತಕ್ಕೆ ಮೊದಲಿನ ಪೂರ್ಣ ಪಿಂಚಣಿಯ ಮೇಲೆ, ಅಂದರೆ ಈ ಉದಾಹರಣೆಯಲ್ಲಿ 18,000ದ ಮೇಲಲ್ಲದೆ 30,000ದ ಮೇಲೆಯೇ ಕೊಡುತ್ತಾರೆ. ಆದ್ದರಿಂದ ಆರೋಗ್ಯ ಸರಿಯಿಲ್ಲದವರಿಗೂ, ಶೇ 9ಕ್ಕಿಂತ ದುಬಾರಿ ಬಡ್ಡಿಯ ಸಾಲ ತೀರಿಸಬೇಕಾದವರಿಗೂ ಇದು ಉಪಯೋಗಕ್ಕೆ ಬರುತ್ತದೆ. ಸಾಲಕ್ಕೆ 5 ಲಕ್ಷ ಸಾಕೆಂದಾದರೆ ಶೇ 40ರ ಬದಲು ಅಷ್ಟು ಮೊತ್ತ ಬರುವಷ್ಟು ಭಾಗವನ್ನು ಮಾತ್ರ ಕೇಳಬಹುದು. ನಮೂನೆಯಲ್ಲಿ ಶೇ 40 ಎಂದೇ ತುಂಬಬೇಕೆಂಬ ನಿಯಮವಿಲ್ಲ, ಅದು ಕಚೇರಿಗಳಲ್ಲಿ ಬೆಳೆದುಬಂದ ರೂಢಿಯಷ್ಟೇ.

ಇನ್ನೂ ಒಂದು ವಿಷಯ ಗಮನಿಸಿ. ನಿವೃತ್ತಿಯಾದ ಒಂದು ವರ್ಷದೊಳಗೆ ಅರ್ಜಿ ಕೊಟ್ಟರೆ ವೈದ್ಯಕೀಯ ಪರೀಕ್ಷೆಯ ಅಗತ್ಯವಿಲ್ಲ. ಅಂದರೆ ನಿವೃತ್ತಿಯ ಗಡಿಬಿಡಿಯಲ್ಲೇ ತೀರ್ಮಾನಿಸಬೇಕಾಗಿಲ್ಲ. ಗ್ರಾಚ್ಯುಟಿ (2024ರ ಜನವರಿ 1ರಿಂದ ಇದರ ಗರಿಷ್ಠ ಮಿತಿ 25 ಲಕ್ಷ ರೂಪಾಯಿ), ಭವಿಷ್ಯ ನಿಧಿ ಮತ್ತು ಗರಿಷ್ಠ 300 ದಿನಗಳ ಗಳಿಕೆ ರಜೆಯ ನಗದು, ಇವೆಲ್ಲ ಖಾತೆಗೆ ಬಂದ ಮೇಲೂ ಕೊರತೆ ಕಂಡರೆ ಆಗ ಯೋಚಿಸಿ. ಒಮ್ಮೆ ಕಮ್ಯುಟೇಷನ್ ಮೊತ್ತ ಪಡೆದ ಬಳಿಕ ಅದನ್ನು ಹಿಂದಿರುಗಿಸಿ ಪೂರ್ಣ ಪಿಂಚಣಿ ಕೇಳಲು ಬರುವುದಿಲ್ಲ.

ರಾಜ್ಯ ಸರ್ಕಾರಿ ನೌಕರರಿಗೂ ಇದೇ ರೀತಿಯ ಲೆಕ್ಕ ಅನ್ವಯಿಸುತ್ತದೆ. ಆದರೆ ಅವರಿಗೆ ಕಮ್ಯುಟೇಷನ್ ಮಿತಿ ಪಿಂಚಣಿಯ ಮೂರನೇ ಒಂದು ಭಾಗ. ಅಲ್ಲದೆ ಪೂರ್ಣ ಪಿಂಚಣಿಗೆ 30 ವರ್ಷಗಳ ಅರ್ಹತಾದಾಯಕ ಸೇವೆ ಬೇಕು. ಕೇಂದ್ರದಲ್ಲಿ 10 ವರ್ಷ ಸಾಕು.

ಪ್ರಶ್ನೆ: ನನಗೆ 42 ವರ್ಷ. ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ 6 ವರ್ಷ ದುಡಿದು, ಅಮ್ಮನ ಕಾಯಿಲೆಯ ಕಾರಣ ಕೆಲಸ ಬಿಟ್ಟೆ. ಇನ್ನೇನು ಬೇರೆ ಕಾರ್ಖಾನೆಗೆ ಸೇರಬೇಕು. ಸೈಬರ್ ಕೇಂದ್ರದವರು ಪಿಎಫ್ ಜೊತೆಗೆ ‘ಪೆನ್ಷನ್ ದುಡ್ಡನ್ನೂ’ ತೆಗೆಸಿಕೊಡುತ್ತೇನೆ ಎನ್ನುತ್ತಾರೆ. ತೆಗೆಸಬಹುದೇ?
— ಹೊಲಿಗೆ ಕಾರ್ಮಿಕರು, ಬೆಂಗಳೂರು

ಉತ್ತರ: ದಯವಿಟ್ಟು ಪಿಂಚಣಿಯ ಹಣವನ್ನು ತೆಗೆಸಬೇಡಿ. ಸೈಬರ್ ಕೇಂದ್ರದವರಿಗೆ ಅರ್ಜಿಯೊಂದಕ್ಕೆ ಇಷ್ಟು ಎಂದು ಸಂಭಾವನೆ ಸಿಗುವುದರಿಂದ, ತೆಗೆಸಬೇಡಿ ಎನ್ನುವ ಕಾರಣ ಅವರಿಗಿರುವುದಿಲ್ಲ.

ನಿಮ್ಮ ಸಂಬಳದಲ್ಲಿ ಕಡಿತವಾಗುವ ಶೇ 12 ಪೂರ್ತಿಯಾಗಿ ಭವಿಷ್ಯ ನಿಧಿಗೆ, ಅಂದರೆ ಪಿಎಫ್‌ಗೆ, ಹೋಗುತ್ತದೆ. ಮಾಲೀಕರು ಕೊಡುವ ಶೇ 12ರಲ್ಲಿ ಶೇ 8.33 ಭಾಗ 1995ರ ನೌಕರರ ಪಿಂಚಣಿ ಯೋಜನೆಗೆ, ಅಂದರೆ ಇಪಿಎಸ್‌ಗೆ, ಜಮೆಯಾಗುತ್ತದೆ. ಈ ಯೋಜನೆಯಲ್ಲಿ ಕನಿಷ್ಠ 10 ವರ್ಷ ಸೇವೆಯಾದವರಿಗೆ 58ನೇ ವಯಸ್ಸಿನಿಂದ ಮಾಸಿಕ ಪಿಂಚಣಿ ದೊರೆಯುತ್ತದೆ. ಕೊನೆಯ 60 ತಿಂಗಳ ಸರಾಸರಿ ವೇತನವನ್ನು (ಗರಿಷ್ಠ 15,000 ರೂಪಾಯಿ) ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿದರೆ ಬರುವುದೇ ಪಿಂಚಣಿ. 20 ವರ್ಷ ಸೇವೆ ಮುಗಿಸಿ 58ಕ್ಕೆ ಪಿಂಚಣಿ ಪಡೆಯುವವರಿಗೆ ಇನ್ನೂ 2 ವರ್ಷಗಳನ್ನು ಸೇರಿಸಿ ಲೆಕ್ಕ ಹಾಕುತ್ತಾರೆ.

ನೀವು ಹೊಸ ಕಾರ್ಖಾನೆಯಲ್ಲಿ 58 ತುಂಬುವವರೆಗೆ 16 ವರ್ಷ ದುಡಿಯುತ್ತೀರಿ, ಸರಾಸರಿ ವೇತನ 12,000 ರೂಪಾಯಿ ಎಂದು ಭಾವಿಸೋಣ. ಹಳೆಯ 6 ವರ್ಷ ಉಳಿಸಿಕೊಂಡರೆ ಸೇವೆ 22 ವರ್ಷ, ಹೆಚ್ಚುವರಿ 2 ಸೇರಿ 24. ಪಿಂಚಣಿ ಸುಮಾರು 4,114 ರೂಪಾಯಿ. ಹಳೆಯದನ್ನು ತೆಗೆಸಿಬಿಟ್ಟರೆ ಉಳಿಯುವುದು 16 ವರ್ಷ ಮಾತ್ರ, ಹೆಚ್ಚುವರಿ 2 ವರ್ಷವೂ ಕೈತಪ್ಪುತ್ತದೆ, ಪಿಂಚಣಿ ಸುಮಾರು 2,743 ರೂಪಾಯಿಗೆ ಇಳಿಯುತ್ತದೆ. ಈಗ ತೆಗೆಸಿದರೆ ಕೈಗೆ ಬರುವುದು ಹೆಚ್ಚೂಕಡಿಮೆ ಆರು ತಿಂಗಳ ವೇತನದಷ್ಟು. ತಿಂಗಳಿಗೆ 1,371 ರೂಪಾಯಿಯ ವ್ಯತ್ಯಾಸ ಆ ಮೊತ್ತವನ್ನು ನಾಲ್ಕೈದು ವರ್ಷಗಳಲ್ಲೇ ಮೀರಿಸುತ್ತದೆ, ಆದರೆ ಪಿಂಚಣಿ ಬದುಕಿರುವಷ್ಟು ಕಾಲ ಬರುತ್ತದೆ. ನಿಮ್ಮ ನಂತರ ಪತಿಗೆ ಅದರ ಅರ್ಧದಷ್ಟು ಸಿಗುತ್ತದೆ.

ಹೊಸ ಕಾರ್ಖಾನೆಗೆ ಸೇರುವಾಗ ಹಳೆಯ ಯುಎಎನ್ ಸಂಖ್ಯೆಯನ್ನೇ (ಕೆಲಸ ಬದಲಾದರೂ ಬದಲಾಗದ ಪಿಎಫ್ ಸದಸ್ಯತ್ವದ ಸಂಖ್ಯೆ) ಕೊಡಿ, ಹೊಸದನ್ನು ಮಾಡಿಸಲು ಒಪ್ಪಬೇಡಿ. ಹಳೆಯ ಕಾರ್ಖಾನೆಯವರು ನೀವು ಕೆಲಸ ಬಿಟ್ಟ ದಿನಾಂಕವನ್ನು ದಾಖಲಿಸಿದ್ದಾರೆಯೇ ಎಂಬುದನ್ನು ಪಿಎಫ್ ಜಾಲತಾಣದಲ್ಲಿ ನೋಡಿಕೊಂಡು ಖಾತೆ ವರ್ಗಾವಣೆಗೆ ಅರ್ಜಿ ಹಾಕಿ. ಕೂಡಲೇ ಕೆಲಸ ಸಿಗದಿದ್ದರೆ, ನಮೂನೆ 10ಸಿಯಲ್ಲಿ ಹಣದ ಬದಲು ‘ಸ್ಕೀಮ್ ಸರ್ಟಿಫಿಕೇಟ್’ ಕೇಳಿ. ನಿಮ್ಮ 6 ವರ್ಷಗಳ ಸೇವೆ ಅದರಲ್ಲಿ ದಾಖಲಾಗಿ ಉಳಿಯುತ್ತದೆ. ಅಮ್ಮನ ಚಿಕಿತ್ಸೆಗೆ ಹಣ ತುರ್ತಾಗಿ ಬೇಕಿದ್ದರೆ ಭವಿಷ್ಯ ನಿಧಿಯ ಭಾಗದಿಂದ ಮುಂಗಡ ಪಡೆಯಬಹುದು, ಅದರಿಂದ ಪಿಂಚಣಿಯ ಸೇವೆಗೆ ಧಕ್ಕೆಯಾಗುವುದಿಲ್ಲ.

ಇಪಿಎಸ್ ಪಿಂಚಣಿ ದೊಡ್ಡ ಮೊತ್ತವೇನಲ್ಲ. 2014ರ ಸೆಪ್ಟೆಂಬರ್‌ನಲ್ಲಿ ನಿಗದಿಯಾದ 1,000 ರೂಪಾಯಿಯ ಕನಿಷ್ಠ ಪಿಂಚಣಿ ಇಂದಿನ ಔಷಧದ ಚೀಟಿಗೂ ಸಾಲದು ಎಂಬ ಕಾರ್ಮಿಕರ ದೂರು ನ್ಯಾಯವಾದದ್ದೇ. ಅದರಲ್ಲಿ ತುಟ್ಟಿ ಪರಿಹಾರವೂ ಇಲ್ಲ. ಆದರೂ ಮೊದಲೇ ಚಿಕ್ಕದಾದದ್ದನ್ನು ನಾವೇ ಇನ್ನಷ್ಟು ಚಿಕ್ಕದು ಮಾಡಿಕೊಳ್ಳಬೇಕಾಗಿಲ್ಲ.

ಪ್ರಶ್ನೆ: ನಾನು ನಿವೃತ್ತ ಸರ್ಕಾರಿ ಪ್ರಾಥಮಿಕ ಶಾಲಾ ಶಿಕ್ಷಕಿ, ನನ್ನದೇ ಪಿಂಚಣಿ ಬರುತ್ತದೆ. ರೈಲ್ವೆಯಲ್ಲಿದ್ದು ನಿವೃತ್ತರಾಗಿದ್ದ ನಮ್ಮ ಯಜಮಾನರು 72ನೇ ವಯಸ್ಸಿನಲ್ಲಿ ತೀರಿಕೊಂಡರು. ಎರಡು ಪಿಂಚಣಿ ತೆಗೆದುಕೊಳ್ಳಲು ಬರುವುದಿಲ್ಲ, ಯಾವುದಾದರೂ ಒಂದನ್ನು ಬಿಟ್ಟುಕೊಡಿ ಎಂದು ಬ್ಯಾಂಕಿನಲ್ಲಿ ಹೇಳಿದರು. ಬರೆದುಕೊಡಬೇಕೆ?
— ನಿವೃತ್ತ ಶಿಕ್ಷಕಿ, ಹುಬ್ಬಳ್ಳಿ

ಉತ್ತರ: ಏನನ್ನೂ ಬರೆದುಕೊಡಬೇಡಿ ಅಮ್ಮ. ನಿಮ್ಮ ಪಿಂಚಣಿ ನಿಮ್ಮ ಸೇವೆಗೆ ಸಿಕ್ಕಿದ್ದು, ಕುಟುಂಬ ಪಿಂಚಣಿ ಯಜಮಾನರ ಸೇವೆಯಿಂದ ಬರುವುದು. ಎರಡನ್ನೂ ಪಡೆಯುವ ಹಕ್ಕು ನಿಮಗಿದೆ. ಪಿಂಚಣಿ ಎಂಬುದು ಸರ್ಕಾರ ಮನಸ್ಸು ಬಂದಾಗ ನೀಡುವ ದಾನವಲ್ಲ ಎಂದು ಸುಪ್ರೀಂ ಕೋರ್ಟ್ ಡಿ.ಎಸ್. ನಕಾರಾ ಅವರ ಪ್ರಕರಣದಲ್ಲಿ 1982ರ ಡಿಸೆಂಬರ್ 17ರಂದು ಹೇಳಿತು. ಆ ದಿನವನ್ನೇ ಇಂದಿಗೂ ಪಿಂಚಣಿದಾರರ ದಿನವೆಂದು ಆಚರಿಸುತ್ತಾರೆ.

ಕುಟುಂಬ ಪಿಂಚಣಿಯು ಕೊನೆಯ ವೇತನದ ಶೇ 30, ಅಂದರೆ ಯಜಮಾನರ ಪೂರ್ಣ ಪಿಂಚಣಿಯ ಐದರಲ್ಲಿ ಮೂರು ಭಾಗ. ಪಿಂಚಣಿದಾರರು 67 ವಯಸ್ಸಿಗೆ ಮೊದಲೇ ತೀರಿಕೊಂಡಿದ್ದರೆ ಕೆಲವು ಕಾಲ ಇನ್ನೂ ಹೆಚ್ಚಿನ ದರ ಸಿಗುತ್ತಿತ್ತು, ನಿಮ್ಮ ವಿಷಯದಲ್ಲಿ ಅದು ಅನ್ವಯಿಸದು. ನಿಮಗೆ 80 ತುಂಬಿದ ಮೇಲೆ ಈ ಕುಟುಂಬ ಪಿಂಚಣಿಗೆ ಶೇ 20 ಹೆಚ್ಚುವರಿ ಸೇರುತ್ತದೆ. ಅಲ್ಲಿ ಲೆಕ್ಕಕ್ಕೆ ಬರುವುದು ನಿಮ್ಮ ವಯಸ್ಸು. ಆದ್ದರಿಂದ ಪಿಂಚಣಿ ಪಾವತಿ ಆದೇಶದಲ್ಲಿ, ಅಂದರೆ ಪಿಪಿಒದಲ್ಲಿ, ನಿಮ್ಮ ಹೆಸರಿನ ಜೊತೆ ಜನ್ಮದಿನಾಂಕವೂ ಸರಿಯಾಗಿದೆಯೇ ಎಂದು ಈಗಲೇ ನೋಡಿಕೊಳ್ಳಿ.

ಪಿಪಿಒದ ಪ್ರತಿ, ಮರಣ ಪ್ರಮಾಣಪತ್ರ ಹಾಗೂ ನಿಮ್ಮ ಗುರುತಿನ ದಾಖಲೆಗಳೊಂದಿಗೆ ಪಿಂಚಣಿ ಬರುತ್ತಿದ್ದ ಬ್ಯಾಂಕ್ ಶಾಖೆಗೆ ಲಿಖಿತ ಅರ್ಜಿ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ. ಖಾತೆ ಇಬ್ಬರ ಹೆಸರಿನಲ್ಲಿ ಜಂಟಿಯಾಗಿದ್ದರೆ ಹೊಸ ಖಾತೆ ತೆರೆಯಬೇಕಾಗಿಲ್ಲ. ಅವರು ತೀರಿಕೊಂಡ ಮೇಲೆಯೂ ಅವರ ಪಿಂಚಣಿ ಖಾತೆಗೆ ಜಮೆಯಾಗಿದ್ದರೆ ಅದನ್ನು ತೆಗೆಯಬೇಡಿ, ಬ್ಯಾಂಕು ಅದನ್ನು ವಾಪಸು ಪಡೆಯುತ್ತದೆ. ತೆರಿಗೆಯ ಲೆಕ್ಕದಲ್ಲಿ ಎರಡೂ ಬೇರೆ ಬೇರೆ: ನಿಮ್ಮ ಸ್ವಂತ ಪಿಂಚಣಿಗೆ ಹೊಸ ಪದ್ಧತಿಯಲ್ಲಿ 75,000 ರೂಪಾಯಿಯ ಪ್ರಮಾಣಿತ ಕಡಿತವಿದೆ. ಕುಟುಂಬ ಪಿಂಚಣಿ ‘ಇತರ ಮೂಲಗಳ ಆದಾಯ’ವಾಗಿದ್ದು, ಅದರ ಮೂರನೇ ಒಂದು ಭಾಗ ಅಥವಾ 25,000 ರೂಪಾಯಿ, ಇವೆರಡರಲ್ಲಿ ಕಡಿಮೆಯಾದದ್ದನ್ನು ಕಳೆಯಬಹುದು.

ಪ್ರಶ್ನೆ: ಕೊಪ್ಪಳ ಜಿಲ್ಲೆಯ ಹಳ್ಳಿಯಲ್ಲಿ ಅಪ್ಪ, ಅವ್ವ ಕೂಲಿ ಮಾಡಿಕೊಂಡಿದ್ದಾರೆ. ಅವ್ವನಿಗೆ 67 ಆಗಿರಬೇಕು, ಆಧಾರ್‌ನಲ್ಲಿ 62 ಎಂದಿದೆ. ಸಂಧ್ಯಾ ಸುರಕ್ಷಾ ಸಿಗುವುದಿಲ್ಲ ಎಂದು ಊರಲ್ಲಿ ಹೇಳುತ್ತಾರೆ. ಗೃಹಲಕ್ಷ್ಮಿ ಹಣ ಬರುತ್ತಿರುವುದೂ ಅಡ್ಡಿಯೆನ್ನುತ್ತಾರೆ.
— ವಾಹನ ಚಾಲಕರು, ಬೆಂಗಳೂರು

ಉತ್ತರ: ಎರಡನೆಯ ಮಾತು ತಪ್ಪು, ಗೃಹಲಕ್ಷ್ಮಿಯ 2,000 ರೂಪಾಯಿ ವೃದ್ಧಾಪ್ಯದ ಮಾಸಾಶನಕ್ಕೆ ಅಡ್ಡಿಯಲ್ಲ. ಮೊದಲನೆಯದು ಅರ್ಧ ಮಾತ್ರ ನಿಜ. 2007ರಲ್ಲಿ ಆರಂಭವಾದ ಸಂಧ್ಯಾ ಸುರಕ್ಷಾ ಯೋಜನೆ 65 ತುಂಬಿದವರಿಗೆ, ಅದರ ಮೊತ್ತ ಈಗ ತಿಂಗಳಿಗೆ 1,200 ರೂಪಾಯಿ. ಆದರೆ 60ರಿಂದ 64 ವಯಸ್ಸಿನವರಿಗೆ ಇಂದಿರಾಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನ ಯೋಜನೆಯಡಿ 800 ರೂಪಾಯಿ ಸಿಗುತ್ತದೆ. ಅವ್ವನಿಗೆ ಈಗಿರುವ ಆಧಾರ್ ವಯಸ್ಸಿನ ಮೇಲೆಯೇ ಅದಕ್ಕೆ ಅರ್ಜಿ ಹಾಕಿ. ದಾಖಲೆಯ ಪ್ರಕಾರ 65 ಆದಾಗ ಹೆಚ್ಚಿನ ಮೊತ್ತ ಕೇಳಬಹುದು. ಶಾಲೆಯ ದಾಖಲೆಯಂಥ ಗಟ್ಟಿ ಆಧಾರವಿದ್ದರೆ ಮಾತ್ರ ಜನ್ಮದಿನಾಂಕದ ತಿದ್ದುಪಡಿಗೆ ಹೋಗಿ. ಮಧ್ಯವರ್ತಿಗಳ ಮಾತು ಕೇಳಿ ವಯಸ್ಸು ಏರಿಸಲು ಹೊರಟರೆ ಆಧಾರ್, ಪಡಿತರ ಚೀಟಿ, ಬ್ಯಾಂಕ್ ಖಾತೆ ಒಂದಕ್ಕೊಂದು ತಾಳೆಯಾಗದೆ, ಸಿಗುತ್ತಿರುವುದೂ ನಿಲ್ಲುವ ಅಪಾಯವಿದೆ.

ವಾರ್ಷಿಕ ಆದಾಯ 32,000 ರೂಪಾಯಿಯೊಳಗಿರಬೇಕು, ಒಬ್ಬರಿಗೆ ಒಂದೇ ಮಾಸಾಶನ. ಅಪ್ಪನಿಗೂ ವಯಸ್ಸಾಗಿದ್ದರೆ ಅವರದು ಬೇರೆ ಅರ್ಜಿ. ಹೋಬಳಿಯ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಸಂಖ್ಯೆ ಪಡೆಯಿರಿ. ಗ್ರಾಮ ಆಡಳಿತಾಧಿಕಾರಿ ಮತ್ತು ಕಂದಾಯ ನಿರೀಕ್ಷಕರ ವರದಿಯ ಮೇಲೆ ಮಂಜೂರಾತಿ ಆದೇಶವಾಗುತ್ತದೆ. ಆದೇಶದ ಪ್ರತಿಯನ್ನು ಜೋಪಾನವಾಗಿಡಿ. ಮುಂದೆ ಹಣ ನಿಂತರೆ ತಾಲ್ಲೂಕು ಕಚೇರಿಯಲ್ಲಿ ಮೊದಲು ಕೇಳುವುದು ಅದನ್ನೇ. ಬ್ಯಾಂಕ್ ಖಾತೆ ಆಧಾರ್‌ಗೆ ಜೋಡಣೆಯಾಗಿಲ್ಲದ ಕಾರಣಕ್ಕೆ ನಿಂತುಹೋಗುವ ಪ್ರಕರಣಗಳೂ ಇರುವುದರಿಂದ, ಊರಿಗೆ ಹೋದಾಗ ಅದನ್ನೂ ನೋಡಿಬನ್ನಿ.

ಪ್ರಶ್ನೆ: ಇರುವ ಒಂದೇ ಮನೆಯನ್ನು ಮಗನ ಹೆಸರಿಗೆ ದಾನಪತ್ರ ಮಾಡಿಕೊಡಬೇಕೆಂದಿದ್ದೇನೆ. ಮುಂದೆ ಅವನು ನೋಡಿಕೊಳ್ಳದಿದ್ದರೆ ಕಾನೂನಿನ ರಕ್ಷಣೆ ಇದೆಯೇ?
— ಓದುಗರು, ಮೈಸೂರು

ಉತ್ತರ: ಇದೆ, ಆದರೆ ಅದು ನೀವು ಪತ್ರದಲ್ಲಿ ಏನು ಬರೆಸುತ್ತೀರಿ ಎಂಬುದನ್ನು ಅವಲಂಬಿಸಿದೆ. ಪೋಷಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ, 2007ರ 23ನೇ ಕಲಮಿನ ಪ್ರಕಾರ, ಪಾಲನೆ ಮಾಡಬೇಕೆಂಬ ಷರತ್ತಿನ ಮೇಲೆ ಆಸ್ತಿ ಪಡೆದವರು ಆ ಷರತ್ತನ್ನು ಮುರಿದರೆ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿ ಆ ವರ್ಗಾವಣೆಯನ್ನು ಅನೂರ್ಜಿತಗೊಳಿಸಬಹುದು. ಷರತ್ತು ಇರಲೇಬೇಕೆಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರ್‌ನಲ್ಲಿ ಹೇಳಿತು. 2025ರ ಜನವರಿಯ ಮತ್ತೊಂದು ತೀರ್ಪಿನಲ್ಲಿ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಅರ್ಥೈಸಿತು. ಆ ಔದಾರ್ಯವನ್ನು ನಂಬಿ ಕೂರದೆ, ‘ಜೀವಮಾನವಿಡೀ ವಾಸ, ಊಟ, ಔಷಧೋಪಚಾರ’ ಎಂದು ದಾನಪತ್ರದಲ್ಲೇ ಬರೆಸಿ. ‘ಪ್ರೀತಿ ವಾತ್ಸಲ್ಯದಿಂದ ಕೊಟ್ಟಿದ್ದೇನೆ’ ಎಂಬ ರೂಢಿಯ ಒಕ್ಕಣೆ ಒಂದೇ ಇದ್ದರೆ ಸಾಲದು.

ನಮ್ಮನ್ನು ಕೇಳಿದರೆ ದಾನಪತ್ರಕ್ಕಿಂತ ಉಯಿಲು ಮೇಲು. ಉಯಿಲನ್ನು ನೀವು ಬದುಕಿರುವವರೆಗೆ ಎಷ್ಟು ಬಾರಿ ಬೇಕಾದರೂ ಬದಲಿಸಬಹುದು, ಮನೆಯೂ ನಿಮ್ಮದಾಗಿಯೇ ಉಳಿಯುತ್ತದೆ.

ಪ್ರಶ್ನೆ: 2011ರಲ್ಲಿ ಪದವಿಪೂರ್ವ ಕಾಲೇಜಿನ ಉಪನ್ಯಾಸಕನಾಗಿ ಸರ್ಕಾರಿ ಸೇವೆಗೆ ಸೇರಿದ ನಾನು ಎನ್‌ಪಿಎಸ್‌ನಲ್ಲಿ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ) ಇದ್ದೇನೆ. 60ಕ್ಕೆ ಏನು ಸಿಗುತ್ತದೆ?
— ಉಪನ್ಯಾಸಕರು, ಚಿತ್ರದುರ್ಗ

ಉತ್ತರ: ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಸೇವೆಗೆ ಸೇರಿದವರಿಗೆ ಎನ್‌ಪಿಎಸ್ ಅನ್ವಯಿಸುತ್ತದೆ. ನಿಮ್ಮ ಶೇ 10 ಹಾಗೂ ಸರ್ಕಾರದ ಶೇ 14 ವಂತಿಗೆ ಬೆಳೆದು ಕೂಡಿದ ಮೊತ್ತದಲ್ಲಿ ಶೇ 60ರವರೆಗೆ ತೆರಿಗೆಯಿಲ್ಲದೆ ಕೈಗೆ ಬರುತ್ತದೆ, ಉಳಿದ ಶೇ 40ರಿಂದ ವಿಮಾ ಕಂಪನಿಯೊಂದರ ವರ್ಷಾಶನ, ಅಂದರೆ ಪಿಂಚಣಿಯಂತೆ ನಿಯತವಾಗಿ ಹಣ ಕೊಡುವ ಯೋಜನೆ, ಕೊಳ್ಳಬೇಕು. ಎಚ್ಚರವಿರಬೇಕಾದದ್ದು ಈ ಕೊಳ್ಳುವ ಹೊತ್ತಿನಲ್ಲಿ. ನಿಮ್ಮ ನಂತರ ಪತ್ನಿಗೆ ಮುಂದುವರಿದು, ಕೊನೆಗೆ ಅಸಲು ವಾರಸುದಾರರಿಗೆ ಮರಳುವ ಬಗೆಯಲ್ಲಿ ತಿಂಗಳ ಮೊತ್ತ ಕಡಿಮೆ. ನಿಮ್ಮೊಬ್ಬರ ಜೀವಿತಾವಧಿಗೆ ಮಾತ್ರ ಸೀಮಿತವಾದ ಬಗೆಯಲ್ಲಿ ಮೊತ್ತ ಹೆಚ್ಚು, ಆದರೆ ನಿಮ್ಮ ನಂತರ ಯಾರಿಗೂ ಏನೂ ಇಲ್ಲ. ಏಜೆಂಟರು ತೋರಿಸುವ ಹೆಚ್ಚಿನ ಅಂಕಿ ಬಹುಪಾಲು ಈ ಎರಡನೆಯದೇ. ಒಮ್ಮೆ ಕೊಂಡ ವರ್ಷಾಶನದ ಬಗೆಯನ್ನು ಬದಲಿಸಲಾಗದು, ಬೆಲೆಯೇರಿಕೆಗೆ ತಕ್ಕಂತೆ ಅದರಲ್ಲಿ ತುಟ್ಟಿ ಪರಿಹಾರವೂ ಇರುವುದಿಲ್ಲ. ಆತುರವಿಲ್ಲದಿದ್ದರೆ 60ರ ನಂತರವೂ ಹಣ ತೆಗೆಯುವುದನ್ನು ಮುಂದೂಡಲು ಅವಕಾಶವಿದೆ.

ಪ್ರಶ್ನೆ: ಕೇಂದ್ರ ಸರ್ಕಾರದ ಪಿಂಚಣಿದಾರರಾದ ನಮ್ಮ ತಂದೆಗೆ 84 ವರ್ಷ, ಹಾಸಿಗೆ ಹಿಡಿದಿದ್ದಾರೆ. ಬೆರಳಚ್ಚು ಯಂತ್ರದಲ್ಲಿ ಮೂಡುವುದಿಲ್ಲ. ಪಿಂಚಣಿ ನಿಲ್ಲದಿರಲು ಪ್ರತಿ ನವೆಂಬರ್‌ನಲ್ಲಿ ಸಲ್ಲಿಸಬೇಕಾದ ಜೀವಿತ ಪ್ರಮಾಣಪತ್ರ ಕೊಡುವುದು ಹೇಗೆ?
— ಓದುಗರು, ಉಡುಪಿ

ಉತ್ತರ: ಬೆರಳಚ್ಚು ಬೇಕಾಗಿಲ್ಲ. 2014ರ ನವೆಂಬರ್‌ನಲ್ಲಿ ಆರಂಭವಾದ ‘ಜೀವನ್ ಪ್ರಮಾಣ್’ ವ್ಯವಸ್ಥೆಯಲ್ಲಿ ಈಗ ಮುಖಚಹರೆಯಿಂದಲೂ ದೃಢೀಕರಣ ನಡೆಯುತ್ತದೆ. ನಿಮ್ಮ ಮೊಬೈಲ್‌ನಲ್ಲಿ ಜೀವನ್ ಪ್ರಮಾಣ್ ಮತ್ತು ಆಧಾರ್ ಫೇಸ್ ಆರ್‌ಡಿ ಎಂಬ ಎರಡು ಆ್ಯಪ್‌ಗಳನ್ನು ಹಾಕಿಕೊಂಡು, ತಂದೆಯವರ ಆಧಾರ್ ಹಾಗೂ ಪಿಪಿಒ ಸಂಖ್ಯೆ ನಮೂದಿಸಿ, ಮುಖದ ಮೇಲೆ ಬೆಳಕು ಚೆನ್ನಾಗಿ ಬೀಳುವಂತೆ ಕೂರಿಸಿ ಅಥವಾ ಒರಗಿಸಿ ಚಿತ್ರ ತೆಗೆಯಿರಿ. ಅದೂ ಆಗದಿದ್ದರೆ ಬ್ಯಾಂಕಿನ ಮನೆಬಾಗಿಲ ಸೇವೆಯನ್ನಾಗಲೀ ಅಂಚೆಯಣ್ಣನ ಮೂಲಕ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಸೇವೆಯನ್ನಾಗಲೀ ಕೇಳಬಹುದು. 80 ದಾಟಿದವರು ನವೆಂಬರ್‌ವರೆಗೆ ಕಾಯಬೇಕಾಗಿಲ್ಲ, ಅಕ್ಟೋಬರ್ 1ರಿಂದಲೇ ಸಲ್ಲಿಸಬಹುದು. ದೃಢೀಕರಣವಾದ ಮೇಲೆ ಬರುವ ಪ್ರಮಾಣ್ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಅದು ಸ್ವೀಕೃತವಾಗಿದೆಯೇ ಎಂದು ಕೆಲವು ದಿನ ಬಿಟ್ಟು ಜಾಲತಾಣದಲ್ಲಿ ನೋಡಿ. ತಿರಸ್ಕೃತವಾಗಿದ್ದರೆ ನವೆಂಬರ್ ಮುಗಿಯುವುದರೊಳಗೆ ಮತ್ತೊಮ್ಮೆ ಸಲ್ಲಿಸಬಹುದು.